ಇಟಲಿಯ ಐನೂರು ವರ್ಷದ ಅಲ್ಬೇನಿಯನ್

ಟುರಿನ್ ನಗರದಲ್ಲಿ ನಾವಿರುವ ಕಟ್ಟಡದ ಎರಡನೇ ಮಹಡಿಯಲ್ಲಿ ಅಲ್ಬೇನಿಯಾದ ಒಂದು ಕುಟುಂಬವಿದೆ. ಮನೆಯ ಹಿರಿಯಾಕೆ ತೊಂಬತ್ತರ ದಶಕದ ಆರಂಭದಲ್ಲಿ ಗಂಡನ ಜೊತೆ ವ್ಲೋರ ಬಂದರಿನಿಂದ ಹಡಗು ಹತ್ತಿ ಬಂದವರು. ಮಗ ಇಲ್ಲಿಯೇ ಬೆಳೆದ, ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿದರು. ಆಕೆ ಮೆಟ್ಟಿಲ ತುದಿಯಲ್ಲಿ ನಿಂತು ಅಲ್ಬೇನಿಯನ್‌ನಲ್ಲಿ ಕೂಗುತ್ತಾರೆ, ಮೊಮ್ಮಕ್ಕಳು ಕೆಳಗಿನಿಂದ ಇಟಾಲಿಯನ್‌ನಲ್ಲಿ ಉತ್ತರ ಕೊಡುತ್ತಾರೆ. ಹೇಳಿದ್ದು ತಿಳಿಯುತ್ತದೆ, ತಿರುಗಿ ಹೇಳಲು ನಾಲಿಗೆ ಏಳುವುದಿಲ್ಲ. ಇದರಲ್ಲಿ ವಿಶೇಷವೇನೂ ಇಲ್ಲ. ಹೊರದೇಶದಲ್ಲಿರುವ ಯಾವ ಕನ್ನಡದ ಮನೆಯ ಕದ ತಟ್ಟಿದರೂ ಇದೇ ಕಥೆ, ನಮ್ಮ ಮನೆಯದು ಸೇರಿದಂತೆ.

ನನ್ನನ್ನು ಕೆಣಕಿದ್ದು ಇನ್ನೊಬ್ಬ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು ದಕ್ಷಿಣದ ಕಲಾಬ್ರಿಯಾ ಪ್ರಾಂತದವನು. ಮಧ್ಯಾಹ್ನದ ಊಟದ ಹೊತ್ತಿಗೆ ಊರಿನಲ್ಲಿರುವ ತಾಯಿಗೆ ಫೋನ್ ಮಾಡುತ್ತಾನೆ. ಅವನಾಡುವುದು ಅಲ್ಲಿಯ ಯಾವುದೋ ಆಡುನುಡಿ ಇರಬೇಕೆಂದು ಬಹಳ ಕಾಲ ಅಂದುಕೊಂಡಿದ್ದೆ, ಇಟಲಿಯಲ್ಲಿ ಅಂಥವಕ್ಕೆ ಬರವಿಲ್ಲ. ಅದು ಅಲ್ಬೇನಿಯನ್ ಎಂದು ಅವನು ಹೇಳಿದಾಗ, ನಿನ್ನ ತಾಯಿ ಅಲ್ಬೇನಿಯಾದವರೇ ಎಂದು ಕೇಳಿದೆ. ಅಲ್ಲವಂತೆ. ಅವನ ವಂಶದಲ್ಲಿ ಅಲ್ಬೇನಿಯಾದಿಂದ ಕೊನೆಗೆ ಬಂದವರು ಬಂದು ಐನೂರು ವರ್ಷ ದಾಟಿದೆ. ಅವನ ತಾಯಿ ಆ ದೇಶವನ್ನು ನೋಡಿದವರಲ್ಲ. ಆದರೂ ಅವರು ಮಗನನ್ನು ಗದರುವುದು, ಔಷಧದ ಲೆಕ್ಕ ಒಪ್ಪಿಸುವುದು, ಪಕ್ಕದ ಮನೆಯವರನ್ನು ಆಡಿಕೊಳ್ಳುವುದು ಎಲ್ಲ ಅದೇ ಭಾಷೆಯಲ್ಲಿ.

ಹದಿನೈದನೇ ಶತಮಾನದಿಂದ ತಾಳಿಕೊಂಡು ಬಂದ ಭಾಷೆ ಕೆಳಗಿನ ಮಹಡಿಯಲ್ಲಿ ಮೂವತ್ತು ವರ್ಷಕ್ಕೆ ಏಕೆ ಸೋತಿತು? ಕೇಳಿದವರೆಲ್ಲ ಕೊಡುವ ಉತ್ತರ ಅಭಿಮಾನದ್ದು: ಹಿಂದಿನವರಿಗೆ ಭಾಷೆಯ ಮೇಲೆ ಪ್ರೀತಿಯಿತ್ತು, ಈಗಿನವರಿಗಿಲ್ಲ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕೆಳಗಿನ ಮನೆಯ ಗೋಡೆಯ ಮೇಲೆ ಅಲ್ಬೇನಿಯಾದ ರಾಷ್ಟ್ರವೀರ ಸ್ಕಂದರ್‌ಬೆಗ್‌ನ ಚಿತ್ರವಿದೆ, ಫ್ರಿಜ್ಜಿನ ಬಾಗಿಲಿಗೆ ಅವರ ಧ್ವಜದ ಎರಡು ತಲೆಯ ಕಪ್ಪು ಹದ್ದು ಅಂಟಿಕೊಂಡಿದೆ. 2018ರ ವಿಶ್ವಕಪ್‌ನಲ್ಲಿ ಸ್ವಿಟ್ಜರ್‌ಲೆಂಡ್ ಪರ ಆಡಿದ ಅಲ್ಬೇನಿಯನ್ ಮೂಲದ ಝಾಕ ಮತ್ತು ಶಾಚಿರಿ ಸರ್ಬಿಯಾದ ವಿರುದ್ಧ ಗೋಲು ಹೊಡೆದು ಎರಡೂ ಕೈಗಳಿಂದ ಹದ್ದಿನ ರೆಕ್ಕೆ ಮಾಡಿ ತೋರಿಸಿದ್ದನ್ನು ಆ ಮೊಮ್ಮಕ್ಕಳು ಇಂದಿಗೂ ಅಂಗಳದಲ್ಲಿ ಮಾಡಿ ತೋರಿಸುತ್ತಾರೆ. ಅಭಿಮಾನ ಆ ಮನೆಯಲ್ಲಿ ಬೇಕಾದಷ್ಟಿದೆ. ಕಾಣೆಯಾದದ್ದು ಭಾಷೆ ಮಾತ್ರ.

ಗ್ರೀಕರಲ್ಲದ ಗ್ರೀಕರು

ಸ್ಕಂದರ್‌ಬೆಗ್ ಒಟ್ಟೊಮನ್ನರ ವಿರುದ್ಧ ಇಪ್ಪತ್ತೈದು ವರ್ಷ ಸೆಣಸಿ 1468ರಲ್ಲಿ ಲೆಝ ಪಟ್ಟಣದಲ್ಲಿ ತೀರಿಕೊಂಡ. ಹತ್ತು ವರ್ಷಕ್ಕೆ ಅವನ ಕ್ರುಯ ಕೋಟೆ ಬಿತ್ತು, ಮರುವರ್ಷ ಶ್ಕೊದ್ರ. ಸಮುದ್ರ ದಾಟಿ ಇಟಲಿಯ ದಕ್ಷಿಣಕ್ಕೆ ಬಂದವರಿಗೆ ಅಲ್ಲಿಯ ಜಮೀನ್ದಾರರು, ಮಠಾಧಿಪತಿಗಳು ಪಾಳುಬಿದ್ದ ಗುಡ್ಡಗಳನ್ನು ಕೊಟ್ಟರು. ಅದು ಕರುಣೆಯಿಂದ ಮಾತ್ರವಲ್ಲ, ಉಳುವವರು ಬೇಕಾಗಿತ್ತು. ಸಿಸಿಲಿಯ ಪಾಲೆರ್ಮೊ ಹತ್ತಿರದ ಪಿಯಾನಾ ದೆಲಿ ಅಲ್ಬನೇಸಿ ಹೀಗೆ 1488ರಲ್ಲಿ ಮೊನ್ರಿಯಾಲೆಯ ಆರ್ಚ್‌ಬಿಷಪ್ ಕೊಟ್ಟ ನೆಲದಲ್ಲಿ ಹುಟ್ಟಿದ ಊರು. ಊರಿನವರು ಅದನ್ನು ಬರೀ ಹೋರ ಎನ್ನುತ್ತಾರೆ, ನಮ್ಮಲ್ಲಿ ‘ಪೇಟೆ’ ಎಂದರೆ ಸಾಕಾಗುವಂತೆ. ಇಂಥ ಊರುಗಳು ಅಬ್ರುಝೊದಿಂದ ಸಿಸಿಲಿಯವರೆಗೆ ಸುಮಾರು ಐವತ್ತಿವೆ. ಈ ಜನ ತಮ್ಮನ್ನು ಅರ್ಬರೆಷ್ ಎಂದು ಕರೆದುಕೊಳ್ಳುತ್ತಾರೆ. ಮಾತನಾಡುವವರು ಒಂದು ಲಕ್ಷದ ಆಸುಪಾಸು ಎಂಬ ಅಂದಾಜು ಎಲ್ಲ ಕಡೆ ಸಿಗುತ್ತದೆ. ಕಲಾಬ್ರಿಯಾದ ಖಾಲಿ ಮನೆಗಳನ್ನು ನೋಡಿದವರಿಗೆ ಅದು ಉದಾರವಾದ ಲೆಕ್ಕ ಅನ್ನಿಸದೆ ಇರದು.

ಅವರನ್ನು ಸುತ್ತಲಿನ ಇಟಾಲಿಯನ್ನರಿಂದ ಬೇರೆ ಮಾಡಿದ್ದು ಮೊದಲಿಗೆ ಭಾಷೆಗಿಂತ ದೇವರ ಸೇವೆಯ ಕ್ರಮ. ಅವರು ಬರುವಾಗ ಬೈಝಾಂಟಿಯಂ, ಅಂದರೆ ಪೂರ್ವದ ಗ್ರೀಕ್ ಚರ್ಚಿನ, ಸಂಪ್ರದಾಯದ ಪೂಜಾವಿಧಿಯನ್ನು ತಂದರು, ರೋಮಿನ ಪೋಪರನ್ನು ಒಪ್ಪಿಕೊಂಡೂ ಅದನ್ನು ಬಿಡಲಿಲ್ಲ. ಅವರ ಪಾದ್ರಿಗಳು ಮದುವೆಯಾದವರಿರಬಹುದು. ನೆರೆಯೂರಿನ ಕ್ಯಾಥೊಲಿಕರಿಗೆ ಪಾದ್ರಿಯ ಹೆಂಡತಿ ಸಂತೆಯಲ್ಲಿ ತರಕಾರಿ ಚೌಕಾಸಿ ಮಾಡುವುದನ್ನು ನೋಡಿ ಎಷ್ಟು ಗಲಿಬಿಲಿಯಾಗಿರಬೇಕು! ಪೂಜೆ ಗ್ರೀಕ್ ಭಾಷೆಯಲ್ಲಿ ನಡೆಯುತ್ತಿದ್ದುದರಿಂದ ಇಟಾಲಿಯನ್ನರು ಇವರನ್ನು ಗ್ರೀಕರೆಂದೇ ತಿಳಿದರು. ಹೋರದ ಸರಕಾರಿ ಹೆಸರು 1941ರವರೆಗೂ ‘ಗ್ರೀಕರ ಪಿಯಾನಾ’ ಎಂದೇ ಇತ್ತು. ರೋಮಿನ ಲ್ಯಾಟಿನ್ ಪೂಜಾಕ್ರಮದ ಬಿಷಪ್ಪರ ಕಿರುಕುಳ ಶತಮಾನಗಟ್ಟಲೆ ನಡೆಯಿತು. 1732ರಲ್ಲಿ ಕಲಾಬ್ರಿಯಾದಲ್ಲಿ ಇವರ ಪಾದ್ರಿಗಳಿಗಾಗಿ ಒಂದು ವಿದ್ಯಾಲಯವಾಯಿತು, 1919ರಲ್ಲಿ ಲುಂಗ್ರೊದಲ್ಲಿ ಇವರದೇ ಧರ್ಮಪ್ರಾಂತ ಬಂತು, 1937ರಲ್ಲಿ ಸಿಸಿಲಿಯಲ್ಲಿ ಇನ್ನೊಂದು.

ಅಂದರೆ ಭಾಷೆಯ ಸುತ್ತ ಒಂದು ಬೇಲಿಯಿತ್ತು, ಆದರೆ ಅದನ್ನು ಹಾಕಿದ್ದು ಭಾಷೆಗಾಗಿ ಅಲ್ಲ. ಗುಡಿಯೊಳಗಿನ ಭಾಷೆ ಗ್ರೀಕ್, ಗುಡಿಯ ಮೆಟ್ಟಿಲಿಳಿದ ಮೇಲಿನ ಭಾಷೆ ಅಲ್ಬೇನಿಯನ್. ಇದು ನನಗೆ ಎಲ್ಲೋ ಕಂಡದ್ದೆನಿಸಿತು. ನಾನು ಕುಂದಾಪುರದ ಕಡೆಯ ಕೊಂಕಣಿ ಮನೆಯವನು. ಗೋವಾ ಬಿಟ್ಟು ಬಂದ ನಮ್ಮವರು ಕರಾವಳಿಯಲ್ಲಿ ನಾಲ್ಕು ಶತಮಾನ ಕೊಂಕಣಿ ಆಡಿಕೊಂಡಿದ್ದರು. ದೇವಸ್ಥಾನದ ಮಂತ್ರವೆಲ್ಲ ಸಂಸ್ಕೃತ, ರಥಬೀದಿಯ ಅಂಗಡಿಯ ಲೆಕ್ಕವೆಲ್ಲ ಕನ್ನಡ. ಕೊಂಕಣಿಯನ್ನು ಯಾರೂ ಹೊತ್ತು ಮೆರೆಸಲಿಲ್ಲ. ನಮ್ಮ ದೇವಸ್ಥಾನ, ನಮ್ಮ ಮಠ, ನಮ್ಮೊಳಗಿನ ಸಂಬಂಧಗಳು ಗಟ್ಟಿಯಾಗಿದ್ದವು, ಆ ಒಳಗಡೆ ಬೇರೆ ಮಾತಿಗೆ ಕೆಲಸವಿರಲಿಲ್ಲ, ಅಷ್ಟೇ. ನಾನು ಶಿವಮೊಗ್ಗದವಳನ್ನು ಮದುವೆಯಾದೆ. ಮನೆಯ ಮಾತು ಕನ್ನಡವಾಯಿತು, ಮಗಳಿಗೆ ಕೊಂಕಣಿ ಅಜ್ಜಿಯ ಫೋನಿನಲ್ಲಿ ಕೇಳಿಸುವ ಸದ್ದು. ಇದರಲ್ಲಿ ನನಗೆ ಅಪರಾಧಭಾವವೂ ಇಲ್ಲ, ಯಾರನ್ನಾದರೂ ದೂರಬೇಕೆಂಬ ಆಸೆಯೂ ಇಲ್ಲ. ನಾಲ್ಕು ಶತಮಾನ ನಿಂತದ್ದಕ್ಕೆ ಒಂದು ಮದುವೆ ಸಾಕಾಯಿತು ಎಂಬುದನ್ನು ಮಾತ್ರ ಗಮನಿಸಿದ್ದೇನೆ.

ಅರ್ಬರೆಷ್ ಪಾದ್ರಿಗಳು ಭಾಷೆಗೆ ಏನೂ ಮಾಡಲಿಲ್ಲ ಎಂದಲ್ಲ. 1592ರಲ್ಲಿ ಹೋರದ ಪಾದ್ರಿ ಲೆಕ ಮಾತ್ರೆಂಗ ಕ್ರೈಸ್ತ ಧರ್ಮಬೋಧೆಯ ಪುಟ್ಟ ಪುಸ್ತಕವೊಂದನ್ನು ಅಲ್ಬೇನಿಯನ್‌ಗೆ ತಂದು ರೋಮಿನಲ್ಲಿ ಅಚ್ಚು ಹಾಕಿಸಿದ. ಪಾದ್ರಿಯೊಬ್ಬನ ಮಗ ಜೆರೊನಿಮೊ ದೆ ರಾದ ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಯೇ ಕುಳಿತು ಅಲ್ಬೇನಿಯನ್ ಕಾವ್ಯ ಬರೆದ, ಪತ್ರಿಕೆ ನಡೆಸಿದ. ಆಗ ಅಲ್ಬೇನಿಯಾದೊಳಗೆ ಆ ಭಾಷೆಯ ಶಾಲೆಗೆ ಒಟ್ಟೊಮನ್ ಸರಕಾರ ಅವಕಾಶವನ್ನೇ ಕೊಡುತ್ತಿರಲಿಲ್ಲ. ಕೊರ್ಚ ಪಟ್ಟಣದಲ್ಲಿ ಮೊದಲ ಅಲ್ಬೇನಿಯನ್ ಶಾಲೆ ತೆರೆದದ್ದು 1887ರಲ್ಲಿ. ಪೂಜೆ ಮಾತ್ರ ಗ್ರೀಕಿನಲ್ಲೇ ಮುಂದುವರಿಯಿತು. ಪೂಜೆಗೆ ಜನರ ಆಡುಭಾಷೆಗಳನ್ನು ಒಪ್ಪಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, ಅಂದರೆ ಅರವತ್ತರ ದಶಕದ ಕೊನೆಗೆ, ಅಲ್ಬೇನಿಯನ್ ಬಲಿಪೀಠದ ಹತ್ತಿರ ಬಂತು. ಅದೇ ವರ್ಷಗಳಲ್ಲಿ ಹಳ್ಳಿಯ ಹುಡುಗರು ಟುರಿನ್‌ನ ಕಾರು ಕಾರ್ಖಾನೆಗೆ, ಜರ್ಮನಿಗೆ ರೈಲು ಹತ್ತುತ್ತಿದ್ದರು. ದೇವರಿಗೆ ಭಾಷೆ ತಿಳಿಯುವ ಹೊತ್ತಿಗೆ ಭಕ್ತರು ಊರು ಬಿಟ್ಟಿದ್ದರು.

ಧರ್ಮದ ಬೇಲಿಯೊಂದೇ ಉತ್ತರ ಎಂದು ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು, ಆದರೆ ಆ ಊರುಗಳೇ ಅಡ್ಡ ಬರುತ್ತವೆ. ಪೂಲ್ಯಾದ ಸಾನ್ ಮಾರ್ಝಾನೊ, ಮೊಲಿಸೆಯ ಉರೂರಿ, ಕಲಾಬ್ರಿಯಾದ ಸ್ಪೆಝ್ಝಾನೊ ಅಲ್ಬನೇಸೆ — ಇವು ಲ್ಯಾಟಿನ್ ಕ್ರಮಕ್ಕೆ ಎಂದೋ ಬದಲಾದ ಊರುಗಳು, ಆದರೂ ಭಾಷೆ ಬಿಡಲಿಲ್ಲ. ಸಿಸಿಲಿಯ ಮೆಝ್ಝೊಯೂಸೊ, ಪಲಾಝ್ಝೊ ಆದ್ರಿಯಾನೊಗಳಲ್ಲಿ, ಅಬ್ರುಝೊದ ವಿಲ್ಲಾ ಬದೆಸ್ಸದಲ್ಲಿ ಹಳೆಯ ಪೂಜಾಕ್ರಮ ಇಂದಿಗೂ ಇದೆ, ಭಾಷೆ ಹೋಗಿದೆ. ಹಾಗಾಗಿ ನನ್ನ ಬೇಲಿಯನ್ನು ಗುಡಿಯ ಹೊರಗೂ ಹುಡುಕಬೇಕಾಯಿತು.

ಚಿವಿತಾದ ಅಡುಗೆಮನೆ

ಸಹೋದ್ಯೋಗಿ ಒಮ್ಮೆ ಈಸ್ಟರ್ ಹಬ್ಬಕ್ಕೆ ಊರಿಗೆ ಕರೆದೊಯ್ದ. ಅವನ ಹಳ್ಳಿ ಯಾವುದೆಂದು ಬರೆಯುವುದಿಲ್ಲ, ಚಿವಿತಾಕ್ಕೆ ಹತ್ತಿರದ್ದು. ತಾಯಿ ಮಾತ್ರ ಈಗ ಚಿವಿತಾದಲ್ಲಿ ತಮ್ಮ ತವರಿನ ಮನೆಯಲ್ಲಿದ್ದಾರೆ. ಚಿವಿತಾ ಎಂದರೆ ರಗನೆಲ್ಲೊ ನದಿಯ ಕಮರಿಯ ಮೇಲೆ ಬಂಡೆಗೆ ಅಂಟಿಕೊಂಡಂತಿರುವ ಊರು. ಒಂದಕ್ಕೊಂದು ಹೋಲದ ಹೊಗೆಗೂಡುಗಳು, ಮುಖದ ಆಕಾರದ ಮನೆಗಳು, ಅವುಗಳ ಫೋಟೊ ತೆಗೆಯಲು ಬರುವ ಪ್ರವಾಸಿಗಳು. ಈಸ್ಟರ್ ಭಾನುವಾರ ಕಳೆದ ಮಂಗಳವಾರ ಅಲ್ಲಿ ವಾಲೆ ಕುಣಿತ. ಹೆಂಗಸರು ಚಿನ್ನದ ಜರಿಯ ಉಡುಪಿನಲ್ಲಿ ಕರವಸ್ತ್ರ ಹಿಡಿದು ಸರಪಳಿಯಾಗಿ ಬೀದಿ ಬೀದಿ ಸುತ್ತುತ್ತಾ ಸ್ಕಂದರ್‌ಬೆಗ್‌ನ ಗೆಲುವನ್ನು ಹಾಡುತ್ತಾರೆ. ಗುಂಪಿನಲ್ಲಿ ಹೊರಗಿನವನು ಕಂಡರೆ ಸರಪಳಿ ಅವನ ಸುತ್ತ ಬಿಗಿಯುತ್ತದೆ. ಬಿಡಿಸಿಕೊಳ್ಳಬೇಕಾದರೆ ಬಾರಿನಲ್ಲಿ ಎಲ್ಲರಿಗೂ ಕುಡಿಯಲು ಕೊಡಿಸಬೇಕು. ನನ್ನನ್ನು ಹಿಡಿದರು. ‘ಲತೀರ್, ಲತೀರ್’ ಎಂದು ಕೂಗಿದರು. ಲ್ಯಾಟಿನ್ ಕ್ರಮದವರನ್ನು, ಅಂದರೆ ಇಟಾಲಿಯನ್ನರನ್ನು, ಅವರು ಕರೆಯುವ ಹೆಸರದು. ಕುಂದಾಪುರದವನಿಗೆ ಇಟಾಲಿಯನ್ ಎಂಬ ಪಟ್ಟ ಸಿಕ್ಕಿದ ಏಕೈಕ ಸಂದರ್ಭ. ಟುರಿನ್‌ನ ವಲಸೆ ಕಚೇರಿ ಇನ್ನೂ ಒಪ್ಪಿಲ್ಲ. ಬಾರಿನ ಬಿಲ್ಲು ಕಟ್ಟುವಾಗ ಒಂದು ವಿಷಯ ತಿಳಿಯಿತು. ಐನೂರು ವರ್ಷವಾದರೂ ‘ನಾವು’ ಯಾರು ‘ಅವರು’ ಯಾರು ಎಂಬ ಗೆರೆಯನ್ನು ಈ ಜನ ಪ್ರತಿ ವರ್ಷ, ಬೀದಿಯಲ್ಲಿ, ಕೈಗೆ ಕೈ ಹಿಡಿದು ಹೊಸದಾಗಿ ಎಳೆಯುತ್ತಾರೆ.

ಕುಣಿತಕ್ಕಿಂತ ಹೆಚ್ಚು ನೆನಪಿನಲ್ಲಿರುವುದು ಮರುದಿನದ ಅಡುಗೆಮನೆ. ಸಹೋದ್ಯೋಗಿಯ ತಾಯಿಗೆ ತೊಂಬತ್ತರ ಹತ್ತಿರ. ನೋಡಿಕೊಳ್ಳಲು ಅಲ್ಬೇನಿಯಾದ ಫಿಯೆರ್ ಪಟ್ಟಣದ ಐವತ್ತರ ಹೆಂಗಸೊಬ್ಬಳಿದ್ದಳು. ಆ ದಿನ ಶ್ತ್ರಿದಲಾತ್ ಮಾಡುತ್ತಿದ್ದರು. ಹಿಟ್ಟಿನ ಮುದ್ದೆಯ ನಡುವೆ ತೂತು ಮಾಡಿ, ಅದನ್ನು ಬಳೆಯಂತೆ ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾ, ಮಡಿಸುತ್ತಾ, ಹಿಟ್ಟು ಉದುರಿಸುತ್ತಾ, ಮತ್ತೆ ಎಳೆಯುತ್ತಾ ಹೋಗುತ್ತಾರೆ. ಒಂದು ಬಳೆ ಎರಡಾಗಿ, ನಾಲ್ಕಾಗಿ, ಕೊನೆಗೆ ನೂಲಿನ ಲಡಿಯಾಗುತ್ತದೆ. ಕಡಲೆಕಾಳಿನ ಸಾರಿಗೆ ಹಾಕಿ ತಿನ್ನುವುದು. ಅಜ್ಜಿಯ ಕೈಗೆ ಎಳೆಯುವ ಕಸುವಿರಲಿಲ್ಲ. ಕುರ್ಚಿಯಲ್ಲಿ ಕುಳಿತು ಹೇಳಿಕೊಡುತ್ತಿದ್ದರು, ಫಿಯೆರ್‌ನವಳು ಎಳೆಯುತ್ತಿದ್ದಳು. ಅವಳು ಅಜ್ಜಿಯನ್ನು ‘ತೇತೊ’ ಎನ್ನುತ್ತಿದ್ದಳು, ನಮ್ಮಲ್ಲಿ ಪರಿಚಯದ ಹಿರಿಯ ಹೆಂಗಸನ್ನು ಅತ್ತೆ, ದೊಡ್ಡಮ್ಮ ಎನ್ನುವ ಹಾಗೆ. ಹಿಟ್ಟು, ನೀರು, ಉಪ್ಪು, ಕೈ, ಬೆಂಕಿ — ಇಲ್ಲಿಯವರೆಗೆ ಇಬ್ಬರಿಗೂ ತೊಡಕಿರಲಿಲ್ಲ. ತೊಡಕು ಬಂದದ್ದು ಮಾತು ಅಡುಗೆಮನೆ ದಾಟಿದಾಗ. ಫ್ರಿಜ್ಜು, ಪಿಂಚಣಿ, ರಕ್ತದೊತ್ತಡದ ಮಾತ್ರೆ, ಚುನಾವಣೆ ಇವೆಲ್ಲ ಅಜ್ಜಿಗೆ ಇಟಾಲಿಯನ್‌ನಲ್ಲೇ. ಊರು ಬಿಟ್ಟು ಬಂದಮೇಲೆ ಲೋಕದಲ್ಲಿ ಹುಟ್ಟಿದ ವಸ್ತುಗಳನ್ನೆಲ್ಲ ಅವರ ಪೂರ್ವಜರು ನೆರೆಯವರ ಹೆಸರಿನಿಂದಲೇ ಕರೆದರು. ಫಿಯೆರ್‌ನವಳ ಬಾಯಲ್ಲಿ ತುರ್ಕಿಯ ಮಾತುಗಳಿದ್ದವು, ಅಜ್ಜಿಗೆ ಅವು ಏನೆಂದೇ ಗೊತ್ತಿಲ್ಲ. ತುರ್ಕರು ನೆಲೆಯೂರುವ ಮೊದಲೇ ಅವರ ಜನ ಹೊರಟುಬಂದಿತ್ತಲ್ಲ. ಇಬ್ಬರೂ ಸಿಕ್ಕಿಹಾಕಿಕೊಂಡಾಗಲೆಲ್ಲ ಇಟಾಲಿಯನ್‌ಗೆ ಜಿಗಿದು, ತೊಡಕು ಬಿಡಿಸಿಕೊಂಡು, ಮತ್ತೆ ತಮ್ಮ ಭಾಷೆಗೆ ಮರಳುತ್ತಿದ್ದರು. ಬಾಗಿಲಲ್ಲಿ ನಿಂತ ಮಗ ನಡುನಡುವೆ ಮಾತು ಸೇರಿಸುತ್ತಿದ್ದ. ಟುರಿನ್‌ನಲ್ಲಿ ಹುಟ್ಟಿದ ಮೊಮ್ಮಗಳು ಮೊಬೈಲ್ ನೋಡುತ್ತಾ ‘ನೋನ್ನಾ, ಊಟ ಯಾವಾಗ’ ಎಂದು ಇಟಾಲಿಯನ್‌ನಲ್ಲಿ ಕೇಳಿದಳು. ಅಜ್ಜಿ ಅವಳಿಗೆ ಉತ್ತರ ಕೊಟ್ಟದ್ದೂ ಇಟಾಲಿಯನ್‌ನಲ್ಲೇ. ಇದನ್ನು ಗಮನಿಸಿದೆ. ಮೊಮ್ಮಗಳ ಮುಂದೆ ಭಾಷೆ ಬದಲಿಸಿದ್ದು ಮೊಮ್ಮಗಳಲ್ಲ.

ಊಟದ ನಂತರ ಅಜ್ಜಿ ಹಳೆಯ ದಿನಗಳನ್ನು ಹೇಳಿದರು. ಮುಸೊಲಿನಿಯ ಕಾಲದಲ್ಲಿ ಶಾಲೆಗೆ ಹೋದವರು. ಅರ್ಬರೆಷ್ ಆಡಿದರೆ ಕೈಗೆ ಬೀಳುತ್ತಿತ್ತು. ಅದರಿಂದ ಭಾಷೆ ಹೋಗಲಿಲ್ಲ, ಶಾಲೆ ಬಿಟ್ಟೊಡನೆ ಸಿಗುವ ಲೋಕವೆಲ್ಲ ಅರ್ಬರೆಷ್‌ನಲ್ಲಿತ್ತು. ಅವರ ಮನೆ ಇದ್ದದ್ದು ಒಂದು ಜಿತೊನಿಯದಲ್ಲಿ: ನಾಲ್ಕಾರು ಮನೆಗಳ ಬಾಗಿಲು ಒಂದೇ ಪುಟ್ಟ ಅಂಗಳಕ್ಕೆ ತೆರೆದುಕೊಳ್ಳುವ ಕೇರಿ. ಒಲೆಯ ಕೆಂಡ ಅಲ್ಲಿಂದಲೇ ತರುವುದು, ಬಾಣಂತಿಗೆ ಸಾರು ಅಲ್ಲಿಂದಲೇ ಬರುವುದು, ಹೆಣಕ್ಕೆ ಅಳುವವರೂ ಅಲ್ಲಿಯವರೇ. ಹೆಣ್ಣು ಕೊಡುವುದು ತರುವುದು ಆದಷ್ಟು ತಮ್ಮೊಳಗೆ. ಮದುವೆಗೆ ಮೊದಲು ಅವರು ಕಮರಿಯಾಚೆಯ ಪೇಟೆ ನೋಡಿದ್ದು ಅಪರೂಪ. ಇಟಾಲಿಯನ್ ನಿಜವಾಗಿ ಬಂದದ್ದು ಮನೆಗೆ ಟಿವಿ ಬಂದಮೇಲೆ, ಅಷ್ಟರಲ್ಲಿ ಮಕ್ಕಳು ಹುಟ್ಟಿಯಾಗಿತ್ತು.

ಇದನ್ನು ಕೇಳುವಾಗ ಒಂದು ಇರುಸುಮುರುಸು ಶುರುವಾಯಿತು, ಅದು ಇನ್ನೂ ಬಿಟ್ಟಿಲ್ಲ. ಭಾಷೆ ಉಳಿದದ್ದು ಹೇಗೆ ಎಂಬುದಕ್ಕೆ ಆ ಅಜ್ಜಿಯ ಬಾಳುವೆಯೇ ಉತ್ತರ. ಊರು ಬಡವಾಗಿತ್ತು, ರಸ್ತೆ ಕೆಟ್ಟದಾಗಿತ್ತು, ಹೆಣ್ಣುಮಕ್ಕಳು ಮನೆಯಲ್ಲಿದ್ದರು, ಮದುವೆಯ ಆಯ್ಕೆ ಹಿರಿಯರದಾಗಿತ್ತು. ‘ಸಂರಕ್ಷಣೆ’ ಎಂದು ಸಭೆಗಳಲ್ಲಿ ನಾವು ಹೊಗಳುವುದರ ಅರ್ಧ ಭಾಗ ಹೆಂಗಸರನ್ನು ಕಟ್ಟಿಹಾಕಿದ ಕಥೆ. ಅಜ್ಜಿಯ ಮಗಳು ನೇಪಲ್ಸಿಗೆ ಹೋಗಿ ವಕೀಲೆಯಾದಳು, ಅಲ್ಲಿಯವನನ್ನೇ ಮದುವೆಯಾದಳು. ಆ ಮನೆಯಲ್ಲಿ ಅರ್ಬರೆಷ್ ಇಲ್ಲ. ಆಕೆ ಮಾಡಿದ್ದು ತಪ್ಪೆಂದು ಯಾರು ಹೇಳುತ್ತಾರೆ? ನನಗೆ ಆ ಧೈರ್ಯವಿಲ್ಲ, ಅಜ್ಜಿಗೂ ಆ ಇಚ್ಛೆಯಿರಲಿಲ್ಲ. ಮಗಳ ಬಗ್ಗೆ ಹೇಳುವಾಗ ಅವರ ಮುಖದಲ್ಲಿದ್ದದ್ದು ಹೆಮ್ಮೆ.

ಬೇಲಿಯೇ ಇಲ್ಲದಲ್ಲಿ

ಇಟಲಿಗೆ ಬಂದವರಿಗಿಂತ ಮೊದಲೇ, ಹದಿನಾಲ್ಕು ಹದಿನೈದನೇ ಶತಮಾನಗಳಲ್ಲಿ, ಇದೇ ಭಾಷೆಯ ಜನ ದಕ್ಷಿಣಕ್ಕೆ, ಈಗಿನ ಗ್ರೀಸಿಗೆ, ಇಳಿದಿದ್ದರು. ಅಥೆನ್ಸ್ ಸುತ್ತಲಿನ ಆಟಿಕಾ, ಬಿಯೋಶಿಯಾ, ಪೆಲೊಪೊನೀಸ್, ಹೈಡ್ರಾ ಮತ್ತು ಸ್ಪೆಟ್ಸೆಸ್ ದ್ವೀಪಗಳಲ್ಲಿ ಇವರ ಊರುಗಳಿದ್ದವು. ಅವರನ್ನು ಅರ್ವಾನಿತರು ಎನ್ನುತ್ತಾರೆ. ಎಣಿಕೆಯಲ್ಲಿ ಇಟಲಿಯವರಿಗಿಂತ ದೊಡ್ಡ ಸಮುದಾಯ. ಧರ್ಮದಲ್ಲಿ ಮಾತ್ರ ನೆರೆಯವರಿಗೂ ಇವರಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಇಬ್ಬರೂ ಆರ್ಥೊಡಾಕ್ಸ್ ಕ್ರೈಸ್ತರು. 1821ರಲ್ಲಿ ಗ್ರೀಕರು ತುರ್ಕರ ವಿರುದ್ಧ ಎದ್ದಾಗ ಹೈಡ್ರಾದ, ಸ್ಪೆಟ್ಸೆಸ್‌ನ ಹಡಗುಗಳು ಮುಂದೆ ನಿಂತವು. ಬುಬುಲಿನಾ ಎಂಬ ವೀರನಾವಿಕೆ ಅರ್ವಾನಿತಳು. 1924ರಲ್ಲಿ ಗ್ರೀಸ್ ಗಣರಾಜ್ಯವಾದಾಗ ಅದರ ಮೊದಲ ಅಧ್ಯಕ್ಷನಾದ ಪಾವ್ಲೊಸ್ ಕುಂಡೂರಿಯೋಟಿಸ್ ಹೈಡ್ರಾದ ಅರ್ವಾನಿತ ಮನೆತನದವನು. ದೇಶ ಕಟ್ಟಿದವರಿಗೆ ತಾವು ಬೇರೆಯವರೆಂದು ಹೇಳಿಕೊಳ್ಳುವ ಗರಜಾದರೂ ಏನಿತ್ತು?

ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞ ಪೀಟರ್ ಟ್ರಡ್‌ಗಿಲ್ ಆಟಿಕಾ, ಬಿಯೋಶಿಯಾದ ಹಳ್ಳಿಗಳಲ್ಲಿ ಕೇಳಿನೋಡಿದಾಗ, ಅರ್ವಾನಿತನಾಗಿರಲು ಆ ಭಾಷೆ ಆಡಲೇಬೇಕೆಂದೇನೂ ಇಲ್ಲ ಎಂಬ ಅಭಿಪ್ರಾಯ ಕಿರಿಯರಲ್ಲಿ ಬೇರೂರಿತ್ತು. ಹಿರಿಯರು ಮಕ್ಕಳ ಮುಂದೆ ಆಡುವುದನ್ನು ಬಿಟ್ಟಿದ್ದರು. ಮೆಟಾಕ್ಸಾಸ್‌ನ ಸರ್ವಾಧಿಕಾರ ಇಂಥ ಭಾಷೆಗಳ ಮೇಲೆ ಒತ್ತಡ ತಂದದ್ದು ನಿಜ, ಶಾಲೆಯಲ್ಲಿ ಅದಕ್ಕೆ ಯಾವತ್ತೂ ಜಾಗ ಸಿಗದಿದ್ದದ್ದೂ ನಿಜ. ಆದರೆ ಬೆತ್ತ ಚಿವಿತಾದಲ್ಲೂ ಇತ್ತಲ್ಲ. ನನಗೆ ಕಾಣುವಂತೆ ಗ್ರೀಸಿನಲ್ಲಿ ಅರ್ವಾನಿತರನ್ನು ಕರಗಿಸಿದ್ದು ದ್ವೇಷಕ್ಕಿಂತ ಹೆಚ್ಚಾಗಿ ಗೌರವ. ಅವರನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ, ಒಳಕ್ಕೆ ಕರೆದು ಮೇಲಿನ ಕುರ್ಚಿ ಕೊಟ್ಟರು. 1990ರ ನಂತರ ಅಲ್ಬೇನಿಯಾದಿಂದ ಕೂಲಿಗೆ ಬಂದವರು ಅದೇ ಆಟಿಕಾದ ಹೊಲಗಳಲ್ಲಿ ನಿಂತಾಗ, ಹಳಬರಿಗೆ ಅವರ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು. ನಿಮ್ಮದೂ ಅಲ್ಬೇನಿಯನ್ನೇ ಎಂದರೆ ಮಾತ್ರ ಅನೇಕರಿಗೆ ಸಿಟ್ಟು ಬರುತ್ತಿತ್ತು.

ಆ ಕೂಲಿಯವರ ಗತಿ ಇನ್ನೊಂದು ತೆರನದು. ಗ್ರೀಸಿನಲ್ಲಿ ಕೆಲಸ ಸಿಗಲೆಂದು ಎಷ್ಟೋ ಜನ ಗ್ರೀಕ್ ಹೆಸರಿಟ್ಟುಕೊಂಡರು, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದರು. ಇಟಲಿಯಲ್ಲೂ ಹೆಚ್ಚು ಬೇರೆಯಿರಲಿಲ್ಲ. 1991ರ ಆಗಸ್ಟ್ 8ರಂದು ‘ವ್ಲೋರ’ ಎಂಬ ಹಡಗು ಸುಮಾರು ಇಪ್ಪತ್ತು ಸಾವಿರ ಜನರನ್ನು ಹೊತ್ತು ಇಟಲಿಯ ಬಾರಿ ನಗರದ ಬಂದರಿಗೆ ಬಂತು. ಅವರನ್ನು ಕ್ರೀಡಾಂಗಣದಲ್ಲಿ ಕೂಡಿಹಾಕಿ ಬಹುಪಾಲು ಮಂದಿಯನ್ನು ಹಿಂದಕ್ಕೆ ಕಳಿಸಿದರು. ಮುಂದಿನ ಹತ್ತು ವರ್ಷ ಇಟಲಿಯ ಪತ್ರಿಕೆಗಳಲ್ಲಿ ‘ಅಲ್ಬೇನಿಯನ್’ ಎಂದರೆ ಕಳ್ಳ ಎಂದೇ ಓದಿಕೊಳ್ಳಬೇಕಿತ್ತು. ಕೆಳಗಿನ ಮನೆಯ ಹಿರಿಯಾಕೆ ಒಮ್ಮೆ ನನ್ನ ಹೆಂಡತಿಗೆ ಹೇಳಿದರು: ‘ಬಸ್ಸಿನಲ್ಲಿ ಮಗ ಅಲ್ಬೇನಿಯನ್‌ನಲ್ಲಿ ಏನಾದರೂ ಕೇಳಿದರೆ ಅವನ ಕೈ ಹಿಸುಕುತ್ತಿದ್ದೆ. ಇಳಿದ ಮೇಲೆ ಉತ್ತರ ಕೊಡುತ್ತಿದ್ದೆ.’ ಇದೊಂದು ಮಾತಿಗೆ ಭಾಷಾಭಿಮಾನದ ಎಲ್ಲ ಭಾಷಣಗಳೂ ಸುಮ್ಮನಾಗಬೇಕು. ಆಕೆಗೆ ಜಿತೊನಿಯ ಇರಲಿಲ್ಲ, ಊರಿಗೆ ಊರೇ ಜೊತೆಗೆ ಬಂದಿರಲಿಲ್ಲ, ತನ್ನದೇ ಗುಡಿಯಿರಲಿಲ್ಲ. ಅರ್ಬರೆಷ್ ಊರಿನಲ್ಲಿ ಇಟಾಲಿಯನ್ ಬಾರದವನು ಬದುಕಿಬಿಡಬಹುದಿತ್ತು. ಟುರಿನ್‌ನ ಆರು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟರೆ ದೂರಲಿಕ್ಕೂ ಇಟಾಲಿಯನ್ ಬೇಕು.

ಧರ್ಮ ಒಂದೇ ಆದಾಗಲೂ ಭಾಷೆ ತುಸು ಹೆಚ್ಚು ಕಾಲ ಬಾಳಿದ್ದುಂಟು. ಕ್ರೊಯೇಷಿಯಾದ ಝಾದರ್ ನಗರದ ಹೊರಗೆ 1726ರಲ್ಲಿ, 1733ರಲ್ಲಿ ಶ್ಕೊದ್ರ ಸರೋವರದ ಕಡೆಯ ಕ್ಯಾಥೊಲಿಕ್ ಅಲ್ಬೇನಿಯನ್ನರನ್ನು ಅಲ್ಲಿಯ ಆರ್ಚ್‌ಬಿಷಪ್ ನೆಲೆಗೊಳಿಸಿದ. ಆ ಊರಿನ ಹೆಸರು ಅರ್ಬನಾಸಿ. ನಗರದ ಗೋಡೆಯ ಹೊರಗಿದ್ದಷ್ಟು ದಿನ ಭಾಷೆ ಗಟ್ಟಿಯಾಗಿತ್ತು. ನಗರ ಬೆಳೆದು ಅದನ್ನು ನುಂಗಿ ಒಂದು ಬಡಾವಣೆಯಾಗಿಸಿತು, ಈಗ ಆಡುವವರು ಕೆಲವೇ ನೂರು ಮಂದಿ. ಬಸ್ ಮಾರ್ಗ ಮಾಡಿದ ಕೆಲಸವನ್ನು ರಾಜಾಜ್ಞೆಗಳು ಮಾಡಲಿಲ್ಲ.

ಅಮೆರಿಕದ್ದು ಇನ್ನೂ ಸ್ವಾರಸ್ಯ. 1907ರಲ್ಲಿ ಮ್ಯಾಸಚೂಸೆಟ್ಸ್‌ನ ಹಡ್ಸನ್ ಎಂಬಲ್ಲಿ ತೀರಿಕೊಂಡ ಅಲ್ಬೇನಿಯನ್ ಯುವಕನೊಬ್ಬನ ಅಂತ್ಯಸಂಸ್ಕಾರಕ್ಕೆ ಗ್ರೀಕ್ ಪಾದ್ರಿಗಳು ಒಪ್ಪಲಿಲ್ಲ. ಅವನು ಅಲ್ಬೇನಿಯನ್ ರಾಷ್ಟ್ರೀಯವಾದಿ ಎಂಬುದು ಅವರ ತಕರಾರು. ಸಿಟ್ಟಾದ ವಲಸಿಗರು ತಮ್ಮದೇ ಗುಡಿ ಬೇಕೆಂದರು. ಫಾನ್ ನೋಲಿ ಎಂಬ ತರುಣ ಪಾದ್ರಿಯಾಗಿ 1908ರ ಮಾರ್ಚ್ 22ರಂದು ಬಾಸ್ಟನ್‌ನಲ್ಲಿ ಅಲ್ಬೇನಿಯನ್ ಭಾಷೆಯಲ್ಲೇ ಪೂಜೆ ನಡೆಸಿದ. ಮರುವರ್ಷ ‘ಡಿಯೆಲ್ಲಿ’ ಪತ್ರಿಕೆ ಶುರುವಾಯಿತು. ನೋಲಿ ಮುಂದೆ ಅಲ್ಬೇನಿಯಾದ ಪ್ರಧಾನಿಯೂ ಆದ, ಆರು ತಿಂಗಳ ಮಟ್ಟಿಗೆ. ಅಂದು ಬಾಸ್ಟನ್‌ನಲ್ಲಿ ಆ ಭಾಷೆಗೆ ಕೆಲಸವಿತ್ತು: ಸತ್ತವನನ್ನು ಹೂಳಬೇಕಿತ್ತು, ಒಂದು ದೇಶವನ್ನು ಕಟ್ಟಬೇಕಿತ್ತು. ಕೆಲಸ ಮುಗಿದ ಮೇಲೆ ಆ ವಲಸಿಗರ ಮೊಮ್ಮಕ್ಕಳೂ ಎಲ್ಲರ ಮೊಮ್ಮಕ್ಕಳಂತೆ ಇಂಗ್ಲಿಷಿಗೆ ಹೋದರು.

ಕಾನೂನಿನ ಕಣ್ಣಿಗೆ ಬಿದ್ದವರು

ಇಟಲಿ 1999ರ ಡಿಸೆಂಬರಿನಲ್ಲಿ 482ನೇ ಕಾನೂನು ಮಾಡಿತು. ಅದರಲ್ಲಿ ಹನ್ನೆರಡು ‘ಐತಿಹಾಸಿಕ ಭಾಷಾ ಅಲ್ಪಸಂಖ್ಯಾತ’ ಸಮುದಾಯಗಳಿವೆ, ಅಲ್ಬೇನಿಯನ್ ಅವುಗಳಲ್ಲೊಂದು. ಅದರ ಪುಣ್ಯದಿಂದ ಊರಿನ ಫ‍ಲಕಗಳು ಎರಡು ಭಾಷೆಯಲ್ಲಿವೆ, ಪುರಸಭೆಯಲ್ಲಿ ಒಂದು ಭಾಷಾ ಕೌಂಟರ್ ಇದೆ, ಶಾಲೆಯಲ್ಲಿ ಅನುದಾನ ಬಂದ ವರ್ಷ ಕೆಲವು ಗಂಟೆಗಳ ಪಾಠವಿದೆ. ಫ‍ಲಕಗಳ ಬಗ್ಗೆ ನಗುವವರೊಂದಿಗೆ ನಾನಿಲ್ಲ. ಕೈಗೆ ಬೆತ್ತ ತಿಂದ ಭಾಷೆ ರಸ್ತೆಯ ಬದಿಯಲ್ಲಿ ಸರಕಾರಿ ಖರ್ಚಿನಲ್ಲಿ ನಿಲ್ಲುವುದು ಸಣ್ಣ ಮಾತಲ್ಲ. ಜಗಳ ಶುರುವಾಗುವುದು ತರಗತಿಯಲ್ಲಿ. ಯಾವ ಅಲ್ಬೇನಿಯನ್ ಕಲಿಸಬೇಕು? 1972ರಲ್ಲಿ ಟಿರಾನಾದಲ್ಲಿ ನಿಗದಿಯಾದ ಶಿಷ್ಟ ಭಾಷೆಗೆ ಪುಸ್ತಕಗಳಿವೆ, ನಿಘಂಟಿದೆ, ಅತ್ತ ಒಂದು ದೇಶವಿದೆ. ಅಜ್ಜಿಯ ಮಾತಿಗೆ ಅಜ್ಜಿ ಇದ್ದಾರೆ. ಊರಿಂದ ಊರಿಗೆ ಅದೂ ಬೇರೆ. ಶಿಷ್ಟ ಭಾಷೆ ಕಲಿತು ಮನೆಗೆ ಬಂದ ಮಗುವಿಗೆ ಅಜ್ಜಿ ‘ಹೀಗಲ್ಲ’ ಎಂದರೆ ಮಗು ಯಾರನ್ನು ನಂಬಬೇಕು? ನಮ್ಮಲ್ಲಿ ಕೊಂಕಣಿಯನ್ನು ಶಾಲೆಗೆ ತರುವಾಗ ಕನ್ನಡ ಲಿಪಿಯೋ ದೇವನಾಗರಿಯೋ ಎಂದು ನಡೆದ ಗುದ್ದಾಟ ನೆನಪಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ಒಲವು ಅಜ್ಜಿಯ ಕಡೆಗೆ. ಮಗು ಆ ಭಾಷೆಯಲ್ಲಿ ನಾಳೆ ಬೆಳಗ್ಗೆ ಮಾತನಾಡಬಹುದಾದ ವ್ಯಕ್ತಿ ಟಿರಾನಾದಲ್ಲಿಲ್ಲ, ಪಕ್ಕದ ಕೋಣೆಯಲ್ಲಿದ್ದಾರೆ.

ಈ ವಿಚಾರವನ್ನು ಸಹೋದ್ಯೋಗಿಯ ಊರಿನ ಒಬ್ಬ ಶಿಕ್ಷಕಿಯ ಬಳಿ ಎತ್ತಿದೆ. ಅವರು ನಕ್ಕರು. ಅವರ ಶಾಲೆಯಲ್ಲಿ ಮಕ್ಕಳೇ ಇಲ್ಲ, ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಅರ್ಬರೆಷ್ ಪಾಠದ ಗಂಟೆಯಲ್ಲಿ ಕೈ ಎತ್ತಿ ಪಟಪಟ ಉತ್ತರ ಹೇಳುವವರು ಅರ್ಬರೆಷ್ ಮನೆಗಳ ಮಕ್ಕಳಲ್ಲವಂತೆ. ಆಲಿವ್ ತೋಟದ ಕೆಲಸಕ್ಕೆ, ಮುದುಕರ ಆರೈಕೆಗೆ ಅಲ್ಬೇನಿಯಾದಿಂದ ಬಂದವರ ಮಕ್ಕಳು. ಅವರ ಉಚ್ಚಾರ ಬೇರೆ, ಆದರೆ ಮನೆಯಲ್ಲಿ ಆಡುತ್ತಾರೆ, ಆಟದ ಬಯಲಿನಲ್ಲೂ ತಮ್ಮತಮ್ಮಲ್ಲಿ ಆಡುತ್ತಾರೆ. ಊರಿನ ಮಕ್ಕಳು ಅವರಿಂದ ಬೈಗುಳ ಕಲಿಯುತ್ತಿದ್ದಾರೆ ಎಂದು ಶಿಕ್ಷಕಿ ಹೇಳಿದರು, ಅದನ್ನು ದೂರಾಗಿ ಹೇಳಿದರೋ ಸಂತೋಷವಾಗಿ ಹೇಳಿದರೋ ನನಗೆ ತಿಳಿಯಲಿಲ್ಲ.

ಆದರೆ 482ನೇ ಕಾನೂನು ಆ ಮಕ್ಕಳಿಗೆ ಅನ್ವಯಿಸುವುದಿಲ್ಲ. ಅದು ನೋಡುವುದು ಹಳೆಯ ನೆಲೆಗಳನ್ನು, ಗಡಿ ಗುರುತಿಸಿದ ಊರುಗಳನ್ನು. ಆ ಹುಡುಗರ ತಂದೆಗೆ ನಾಳೆ ಬೊಲೊನ್ಯಾದಲ್ಲಿ ಕೆಲಸ ಸಿಕ್ಕಿ ಹೊರಟರೆ ಅವರ ಪಾಠ ಅಲ್ಲಿಗೆ ಮುಗಿಯಿತು. ಇಟಲಿಯಲ್ಲಿ ಈಗ ಅಲ್ಬೇನಿಯಾದ ಪೌರರೇ ನಾಲ್ಕು ಲಕ್ಷದ ಆಸುಪಾಸು ಇದ್ದಾರೆ, ಅರ್ಬರೆಷ್ ಊರುಗಳವರ ನಾಲ್ಕು ಪಟ್ಟು. 1488ರಲ್ಲಿ ಹಡಗಿನಿಂದ ಇಳಿದವರ ಭಾಷೆ ಐತಿಹಾಸಿಕ ಸಂಪತ್ತು, 1991ರಲ್ಲಿ ಇಳಿದವರದು ಅವರವರ ಮನೆಯ ವಿಷಯ. ಕೆಳಗಿನ ಮನೆಯ ಹಿರಿಯಾಕೆಗೆ ಈ ಕಾನೂನಿನ ಬಗ್ಗೆ ಹೇಳಿದಾಗ, ಎಷ್ಟು ವರ್ಷ ಕಾದರೆ ತಾವೂ ಐತಿಹಾಸಿಕರಾಗುತ್ತೇವೆ ಎಂದು ಕೇಳಿದರು. ಕಾನೂನಿನಲ್ಲಿ ಅದಕ್ಕೆ ಲೆಕ್ಕ ಕೊಟ್ಟಿಲ್ಲ.